ಏಳು ವಾರದಿಂದ ಪ್ಯಾಚ್ ಹಾಗೇ ಬಿದ್ದಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ರಾಯಚೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಸಿರವಾರದ ಹತ್ತಿರ. ನಮ್ಮೂರ ಜಾತ್ರೆಗೆ ಒಂದು ವೆಬ್ ಪುಟ ಮಾಡಿದ್ದೆ. ಮೊದಲ ಅಕ್ಷರ ದೊಡ್ಡದಾಗಿ ಬರಲಿ ಅಂತ ಸಿಎಸ್‌ಎಸ್‌ನ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ) ಫಸ್ಟ್-ಲೆಟರ್ ಹಾಕಿದರೆ ‘ಶ್ರೀ’ ಎರಡು ತುಂಡಾಯಿತು. ‘ಶ್’ ದೊಡ್ಡದು, ‘ರೀ’ ಸಣ್ಣದು. ಪುಟವನ್ನು ತೆರೆಗೆ ತರುವ ಬ್ರೌಸರ್ ಎಂಜಿನ್‌ನ ಕೋಡ್ ಇಳಿಸಿಕೊಂಡು, ಮೂರು ತಿಂಗಳು ಒದ್ದಾಡಿ, ಸರಿ ಮಾಡಿ, ಆ ತಿದ್ದುಪಡಿಯನ್ನು ಪ್ಯಾಚ್ ಆಗಿ ಎಂಜಿನ್‌ನವರಿಗೆ ಕಳಿಸಿದೆ. ಒಟ್ಟು 640 ಸಾಲು. ತಾವಾಗೇ ಪರೀಕ್ಷೆ ಮಾಡುವ ಬಾಟ್‌ಗಳೆಲ್ಲ ಹಸಿರು ತೋರಿಸಿವೆ. ಕೋಡ್ ಓದಿ ಒಪ್ಪಿಗೆ ಕೊಡುವ ಮೂವರು ರಿವ್ಯೂವರ್‌ಗಳನ್ನು ಸೇರಿಸಿದ್ದೇನೆ. ಒಬ್ಬರು ‘ಮುಂದಿನ ವಾರ ನೋಡುತ್ತೇನೆ’ ಅಂದರು. ಅದಾಗಿ ಏಳು ವಾರ. ಪ್ಯಾಚ್‌ನ ವಿವರ ಜೊತೆಗೆ ಕಳಿಸಿದ್ದೇನೆ. ರಾತ್ರಿ ಬಿಲ್ಡ್ ಮಾಡುವಾಗ (ಕೋಡ್‌ನಿಂದ ಬ್ರೌಸರ್ ತಯಾರಿಸುವಾಗ) ಕರೆಂಟ್ ಬೇರೆ ಹೋಗುತ್ತೆ. ಮತ್ತೆ ಕೇಳಿದರೆ ಸಿಟ್ಟಾಗುತ್ತಾರಾ? ನಾನು ಯಾರೂ ಅಲ್ಲ ಅಂತ ನೋಡುತ್ತಿಲ್ಲವಾ? ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಕೇಳಿ. ಸಿಟ್ಟಾಗಲ್ಲ. ಆದರೆ ಕೇಳುವ ಮೊದಲು ಆ 640 ಸಾಲನ್ನು ಒಡೆಯಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಬಳ್ಳಾರಿಯವನು. ಹನ್ನೊಂದು ವರ್ಷ ಬ್ರೌಸರ್ ಎಂಜಿನ್‌ಗಳಲ್ಲಿ ಅಕ್ಷರ ಜೋಡಿಸುವ ಭಾಗದಲ್ಲೇ ಕೆಲಸ ಮಾಡಿದ್ದೇನೆ. ಅದರಲ್ಲಿ ಎಂಟು ವರ್ಷ ರಿವ್ಯೂವರ್. ಅಂದರೆ ‘ಮುಂದಿನ ವಾರ ನೋಡುತ್ತೇನೆ’ ಅಂತ ಬರೆದು ಮರೆತವರ ಪೈಕಿ ನಾನೂ ಒಬ್ಬ. ಒಮ್ಮೆ ನನ್ನ ಸರದಿಯಲ್ಲಿ ಮೂವತ್ತಕ್ಕೂ ಜಾಸ್ತಿ ಪ್ಯಾಚ್ ಕೂತಿದ್ದವು. ಎಲ್ಲಕ್ಕಿಂತ ಹಳೆಯದು ಒಬ್ಬ ಹೊಸ ಹುಡುಗನದು. ದಿನಾ ಬೆಳಿಗ್ಗೆ ಅದರ ಹೆಸರು ನೋಡುತ್ತಿದ್ದೆ, ಕೆಳಗಿನದಕ್ಕೆ ಹೋಗುತ್ತಿದ್ದೆ. ಅವನ ಮೇಲೆ ನನಗೇನೂ ಕೋಪ ಇರಲಿಲ್ಲ. ಅವನು ಯಾರು ಅಂತಲೂ ಗೊತ್ತಿರಲಿಲ್ಲ. ಆ ಪ್ಯಾಚ್ ತೆರೆದರೆ ಅರ್ಧ ದಿನ ಹೋಗುತ್ತೆ ಅಂತ ಗೊತ್ತಿತ್ತು, ಅಷ್ಟೇ. ಕೊನೆಗೆ ತೆರೆದಾಗ ಅವನು ತಿದ್ದಿದ್ದ ಫೈಲೇ ಮರದಲ್ಲಿ (ಎಂಜಿನ್‌ನ ಇಡೀ ಕೋಡ್‌ಗೆ ನಾವು ಹಾಗೆ ಅನ್ನೋದು) ಇರಲಿಲ್ಲ. ಬೇರೆ ಯಾರೋ ಅದನ್ನು ಎರಡು ಭಾಗ ಮಾಡಿ ಬೇರೆ ಕಡೆ ಇಟ್ಟಿದ್ದರು. ಹುಡುಗ ಮತ್ತೆ ಬರಲಿಲ್ಲ. ತಪ್ಪು ನನ್ನದೇ.

ನಿಮ್ಮೂರು ಸಿರವಾರದ ಕಡೆ ಅಂದಿರಿ. ಹಾಗಾದರೆ ಬ್ಯಾಕ್‌ಲಾಗ್ (ಬಾಕಿ ಬಿದ್ದ ಸರದಿ) ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದ್‌ನಲ್ಲಿ ಹೊರಡುತ್ತೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ನಿಮ್ಮ ಕಡೆ ಬರಬೇಕು. 200 ಕಿ.ಮೀ.ಗೂ ಜಾಸ್ತಿ ದೂರ. ಡ್ಯಾಂ ತುಂಬಿದ ವರ್ಷವೂ ಕೆಳಭಾಗದಲ್ಲಿ ‘ನೀರು ಬಂದಾವೇನ್ರಿ?’ ಅಂತ ಕೇಳೋದು ತಪ್ಪಿಲ್ಲ. ಯಾಕೆ? ಹೊಟ್ಟೆಕಿಚ್ಚಿಗೆ ಯಾರೂ ತೂಬು ಮುಚ್ಚಿಲ್ಲ. ಕಡಿಮೆ ನೀರಿನ ಬೆಳೆ ಬೆಳೆಯಬೇಕಾದ ಕಡೆ ಮೇಲಿನವರು ಭತ್ತ ಹಾಕಿದ್ದಾರೆ. ಭತ್ತದ ಗದ್ದೆ ನೀರು ಕುಡಿಯುತ್ತಲೇ ಇರುತ್ತೆ.

ಎಂಜಿನ್‌ಗಳಲ್ಲೂ ಇದೇ ಕಥೆ. ಕೋಡ್ ಬರೆಯುವವರಿಗೆ ಬರ ಇಲ್ಲ. ಕೋಟಿಗಟ್ಟಲೆ ಸಾಲಿನ ಮರ, ದೊಡ್ಡ ಎಂಜಿನ್‌ನಲ್ಲಿ ದಿನಕ್ಕೆ ನೂರಾರು ಬದಲಾವಣೆ ಒಳಗೆ ಹೋಗುತ್ತವೆ. ಆದರೆ ಫಸ್ಟ್-ಲೆಟರ್ ಕೋಡ್ ಓದಿ ‘ಸರಿ’ ಅನ್ನಬಲ್ಲವರು ಒಂದು ಎಂಜಿನ್‌ನಲ್ಲಿ ಬೆರಳೆಣಿಕೆಯಷ್ಟು ಜನ. ಅವರ ಗಮನವೇ ನೀರು. 640 ಸಾಲಿನ ಪ್ಯಾಚ್ ಭತ್ತ. ನೀವು ನಾಲೆಯ ಕೊನೆಯಲ್ಲಿ ಕೂತು ಭತ್ತ ಹಾಕಿದ್ದೀರಿ. ಜೋಳ ಹಾಕಿ.

ಜೋಳ ಹೇಗೆ ಅಂತ ಆಮೇಲೆ. ಅದಕ್ಕೆ ಮೊದಲು ನಿಮ್ಮ ‘ಶ್ರೀ’ಯನ್ನೇ ಬಿಡಿಸಿ ನೋಡೋಣ. ಪ್ಯಾಚ್ ನಿಂತಿರುವುದಕ್ಕೆ ದೊಡ್ಡ ಕಾರಣ ಅಲ್ಲೇ ಇದೆ ಅಂತ ನನ್ನ ಅನುಮಾನ.

‘ಶ್ರೀ’ ನಮಗೆ ಒಂದು ಅಕ್ಷರ. ಕಂಪ್ಯೂಟರ್‌ಗೆ ನಾಲ್ಕು ಸಂಕೇತ: ಶ, ಹಲಂತ, ರ, ಮತ್ತು ಈ ಕಾರದ ಗುಣಿತ ಚಿಹ್ನೆ. ಓದುಗ ಒಂದೇ ಅಂದುಕೊಳ್ಳುವ ಗುಂಪು ಎಲ್ಲಿ ಮುಗಿಯುತ್ತೆ ಅಂತ ಎಂಜಿನ್ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಮಾನದಂಡ) ನಿಯಮ ನೋಡಿ ತೀರ್ಮಾನಿಸುತ್ತೆ. ಹಳೆಯ ನಿಯಮದಲ್ಲಿ ಹಲಂತ ಹಿಂದಿನ ವ್ಯಂಜನಕ್ಕೆ ಅಂಟಿಕೊಳ್ಳುತ್ತೆ, ಅಲ್ಲಿಗೆ ಗುಂಪು ಮುಗಿಯಿತು. ಹಾಗಾಗಿ ಶ್ ಒಂದು, ರೀ ಒಂದು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ನಡುವೆ ಒಡೆಯಬಾರದು ಎಂಬ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಹಲಂತ ಆ ಪಟ್ಟಿಯಲ್ಲಿತ್ತು. ಆ ಆವೃತ್ತಿಯಲ್ಲಿ ಕನ್ನಡದ್ದು ಇರಲಿಲ್ಲ. ತೆಲುಗಿನ ಶ್ರೀ ಉಳಿಯಿತು, ನಮ್ಮದು ತುಂಡಾಯಿತು. ರಾಯಚೂರಲ್ಲಿ ಎರಡೂ ಲಿಪಿ ಒಂದೇ ಬೋರ್ಡಿನ ಮೇಲೆ ಇರುತ್ತವೆ, ಅದಕ್ಕೇ ಇದು ನಿಮ್ಮ ಕಣ್ಣಿಗೆ ಬಿದ್ದಿರಬೇಕು.

ಗುಂಪು ಒಡೆದ ಮೇಲೆ ಉಳಿದದ್ದು ತಾನಾಗೇ ಕೆಡುತ್ತೆ. ಎಂಜಿನ್ ಮೊದಲ ಗುಂಪಿಗೆ ಬೇರೆ ಪೆಟ್ಟಿಗೆ ಮಾಡುತ್ತೆ, ಅದರ ಅಳತೆ ಬೇರೆ. ಅಳತೆ ಬೇರೆಯಾದರೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಎರಡು ತುಂಡು ಬೇರೆ ಬೇರೆಯಾಗಿ ಹೋಗುತ್ತವೆ. ಅದರ ಕೈಗೆ ಶ್ ಒಂದೇ ಸಿಕ್ಕರೆ ರ ಒತ್ತು ಎಲ್ಲಿಂದ ತರುತ್ತೆ ಪಾಪ.

ಈಗ ರಿವ್ಯೂವರ್ ಕುರ್ಚಿಯಲ್ಲಿ ಕೂತು ನೋಡಿ. ನಿಮ್ಮ ಪ್ಯಾಚ್ ತೆರೆಯುತ್ತಾರೆ. ಕೋಡ್ ಓದಲು ಕಷ್ಟ ಇಲ್ಲ. ಆದರೆ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟುತ್ತೆ: ಇದನ್ನು ಇಲ್ಲಿ ಸರಿ ಮಾಡಬೇಕಾ, ಯೂನಿಕೋಡ್‌ನಲ್ಲಿ ಸರಿಯಾಗಲಿ ಅಂತ ಕಾಯಬೇಕಾ? ಇಲ್ಲಿ ಮಾಡಿದರೆ ಕರ್ಸರ್ ಓಡಾಟ, ಡಿಲೀಟ್, ಅಕ್ಷರಗಳ ನಡುವಿನ ಜಾಗ ಇವೆಲ್ಲ ಬದಲಾಗುತ್ತವಾ? ಅವರಿಗೆ ಕನ್ನಡ ಬರಲ್ಲ. ತಪ್ಪಾದರೆ ಬೈಸಿಕೊಳ್ಳುವವರು ಅವರೇ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಮನುಷ್ಯ ಮಾಡುವ ಕೆಲಸ ಒಂದೇ: ಟ್ಯಾಬ್ ಮುಚ್ಚಿ ‘ಮುಂದಿನ ವಾರ’ ಅನ್ನೋದು. ನನ್ನ ಅನುಭವದಲ್ಲಿ ತಿಂಗಳುಗಟ್ಟಲೆ ನಿಂತ ಪ್ಯಾಚ್‌ಗಳಲ್ಲಿ ಜಾಸ್ತಿ ಪಾಲು ಇಂಥವೇ. ಓದಲು ಪುರುಸೊತ್ತಿಲ್ಲ ಅನ್ನೋದು ಬಾಯಿಮಾತು. ತೀರ್ಮಾನ ಮಾಡಲು ಧೈರ್ಯ ಇರಲ್ಲ, ಅಸಲು ಅದು.

ಆದ್ದರಿಂದ ಆ ತೀರ್ಮಾನದ ಅರ್ಧ ಕೆಲಸ ನೀವೇ ಮಾಡಿಕೊಡಿ. ಪ್ಯಾಚ್‌ನ ವಿವರಣೆಯಲ್ಲಿ ಮೊದಲ ಪ್ಯಾರಾದಲ್ಲೇ ಬರೆಯಿರಿ: ಈ ಬದಲಾವಣೆ ಫಸ್ಟ್-ಲೆಟರ್‌ಗೆ ಮಾತ್ರ. ಕರ್ಸರ್, ಬ್ಯಾಕ್‌ಸ್ಪೇಸ್ ಮುಟ್ಟಿಲ್ಲ. ಇದು ಮುಖ್ಯ. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ಈ ಕಾರದ ಚಿಹ್ನೆ ಹೋಗಿ ‘ಶ್ರ’ ಉಳಿಯಬೇಕು, ನಾವು ಹಾಗೇ ಟೈಪ್ ಮಾಡಿ ರೂಢಿಯಾದವರು. ಇಡೀ ‘ಶ್ರೀ’ ಒಮ್ಮೆಗೇ ಅಳಿಸಿಹೋದರೆ ಕನ್ನಡದವರೇ ಜಗಳಕ್ಕೆ ಬರುತ್ತಾರೆ. ಜೊತೆಗೆ, ಸಿಎಸ್‌ಎಸ್ ನಿಯಮಾವಳಿ ಯೂನಿಕೋಡ್ ಗುಂಪನ್ನು ತಳಪಾಯವಾಗಿ ತಗೊಂಡರೂ, ಭಾಷೆಗೆ ತಕ್ಕ ಹಾಗೆ ಹೊಂದಿಸಿಕೊಳ್ಳಲು ಬ್ರೌಸರ್‌ಗೆ ಅವಕಾಶ ಕೊಟ್ಟಿದೆ. ಆ ಸಾಲು ಹುಡುಕಿ, ಕೊಂಡಿ ಸಮೇತ ಹಾಕಿ. ಹೂಂ ಅನ್ನಲು ರಿವ್ಯೂವರ್‌ಗೆ ಒಂದು ಆಧಾರ ಸಿಕ್ಕಿತು.

ಇನ್ನು ಒಡೆಯುವ ಕೆಲಸ. ನೀವು ಕಳಿಸಿದ ವಿವರ ನೋಡಿದೆ. 640ರಲ್ಲಿ ಟೆಸ್ಟ್ 150 ಸಾಲು, ನಿಜವಾದ ತಿದ್ದುಪಡಿ 70. ಉಳಿದ 420 ಸಾಲು ‘ಸುಮ್ನೆ ಹೋಗ್ತಾ ಹೋಗ್ತಾ ಕ್ಲೀನ್ ಮಾಡಿದ್ದು’. ಆ 420 ಸಾಲಿನಿಂದಲೇ ನಿಮ್ಮ ನೀರು ನಿಂತಿದೆ. ಹೆಸರು ಬದಲಿಸಿದ ಸಾಲು, ಜಾಗ ಬದಲಿಸಿದ ಫಂಕ್ಷನ್, ಇವುಗಳ ನಡುವೆ ನಡವಳಿಕೆ ಬದಲಿಸುವ 70 ಸಾಲು ಎಲ್ಲಿದೆ ಅಂತ ಅವರು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು.

ಮೊದಲು ಟೆಸ್ಟ್ ಮಾತ್ರ ಕಳಿಸಿ. ಎಲ್ಲ ಎಂಜಿನ್‌ಗಳೂ ಹಂಚಿಕೊಳ್ಳುವ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಇದೆಯಲ್ಲ, ಅಲ್ಲಿಗೆ. ರೆಫ್‌ಟೆಸ್ಟ್ ಬರೆಯಿರಿ: ಒಂದು ಪುಟದಲ್ಲಿ ಫಸ್ಟ್-ಲೆಟರ್, ಇನ್ನೊಂದರಲ್ಲಿ ‘ಶ್ರೀ’ ಸುತ್ತ ಸ್ಪ್ಯಾನ್ ಎಂಬ ಟ್ಯಾಗ್ ಹಾಕಿ ಅದೇ ಶೈಲಿ. ಎರಡರ ಚಿತ್ರ ತೆಗೆದು ಪಿಕ್ಸೆಲ್‌ಗೆ ಪಿಕ್ಸೆಲ್ ಹೋಲಿಸುತ್ತಾರೆ. ಇವತ್ತು ಅದು ಫೇಲ್ ಆಗುತ್ತೆ, ಆಗಲಿ. ‘ಫೇಲ್ ಆಗುವುದು ನಿರೀಕ್ಷಿತ’ ಅಂತ ಗುರುತು ಹಾಕಿ ಒಳಗೆ ಬಿಡುತ್ತಾರೆ. ಟೆಸ್ಟ್‌ಗೆ ರಿವ್ಯೂ ಬೇಗ ಸಿಗುತ್ತೆ. ಅದರಿಂದ ಯಾರ ಬ್ರೌಸರ್ರೂ ಕೆಡಲ್ಲ ನೋಡಿ. ಮತ್ತೆ ಒಮ್ಮೆ ಒಳಗೆ ಹೋದ ಮೇಲೆ ‘ಈ ಬಗ್ ನಿಜವಾ’ ಅಂತ ಯಾರೂ ಕೇಳುವ ಹಾಗಿಲ್ಲ.

ಟೆಸ್ಟ್ ಬರೆಯುವಾಗ ಎರಡು ಮೂರು ಕಡೆ ಕಾಲು ಜಾರುತ್ತೆ. ಒಂದು, ಫಾಂಟ್. ಟೆಸ್ಟ್ ಓಡುವ ಯಂತ್ರದಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತೆ ಅಂತ ನಂಬಬೇಡಿ. ಬರೀ ಚೌಕ ಡಬ್ಬಿಗಳನ್ನು ಹೋಲಿಸಿ ಬಂದ ಉತ್ತರಕ್ಕೆ ಅರ್ಥ ಇಲ್ಲ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಟೆಸ್ಟ್ ಜೊತೆಗೇ ವೆಬ್ ಫಾಂಟ್ ಆಗಿ ಕೊಡಿ. ಇನ್ನೊಂದು, ನಮ್ಮ ಪತ್ರಿಕೆಗಳು ದಿನಾ ಬರೆಯುವ ‘ರ‍್ಯಾಲಿ’. ಅಲ್ಲಿ ರ ಪೂರ್ತಿ ಉಳಿದು ಯ ಒತ್ತಾಗಬೇಕು ಅಂತ ರ ಆದಮೇಲೆ, ಹಲಂತಕ್ಕಿಂತ ಮುಂಚೆ, ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿರುತ್ತಾರೆ. ಅದಿಲ್ಲದೆ ಬರೆದರೆ ಅರ್ಕಾವತ್ತಿನ ‘ರ್ಯಾಲಿ’ ಆಗುತ್ತೆ. ಎರಡನ್ನೂ ಟೆಸ್ಟ್ ಮಾಡಿ. ಇದರ ತದ್ವಿರುದ್ಧ ‘ಸಾಫ್ಟ್‌ವೇರ್’. ಟ್ ಮತ್ತು ವೇ ಸೇರಬಾರದು ಅಂತ ನಡುವೆ ಕಾಣದ ಬಿಡಿಸುವ ಸಂಕೇತ ಇದೆ. ನಿಮ್ಮ ಕೋಡ್ ಹಲಂತ ಕಂಡ ತಕ್ಷಣ ಮುಂದಿನ ವ್ಯಂಜನವನ್ನು ಬಾಚಿಕೊಳ್ಳುತ್ತೆ ಅಂತಾದರೆ ಅಲ್ಲಿ ನಿಲ್ಲಬೇಕು. ನಿಮ್ಮ 70 ಸಾಲಿನಲ್ಲಿ ಈ ತಪಾಸಣೆ ನನಗೆ ಕಾಣಲಿಲ್ಲ. ರಿವ್ಯೂವರ್‌ಗೂ ಕಾಣಲ್ಲ, ಯಾಕಂದರೆ ಕನ್ನಡ ಬರಲ್ಲ. ನೀವೇ ಹಾಕಿ.

ಟೆಸ್ಟ್ ಆದ ಮೇಲೆ ಅದರ ಮೇಲೆ 70 ಸಾಲು. 420 ಸಾಲಿನ ಕ್ಲೀನಿಂಗ್‌ನಲ್ಲಿ ತಿದ್ದುಪಡಿಗೆ ಬೇಕೇಬೇಕಾದದ್ದು ಇದ್ದರೆ ‘ನಡವಳಿಕೆ ಬದಲಾಗಿಲ್ಲ’ ಅಂತ ಬರೆದು ಬೇರೆಯಾಗಿ ಮೊದಲು ಕಳಿಸಿ. ಉಳಿದದ್ದು ಎಸೆಯಿರಿ. ಹೊಟ್ಟೆ ಉರಿಯುತ್ತೆ, ಗೊತ್ತು. ಎಸೆಯಿರಿ.

ದೊಡ್ಡ ಗಂಟಿನ ಕಷ್ಟ ಹೊಸದೇನಲ್ಲ. ಮುಕ್ತ ತಂತ್ರಾಂಶದ ಕೆಡಿಇ ಬಳಗದ ಸ್ವಯಂಸೇವಕರು 1998ರಲ್ಲಿ ಕೆಎಚ್‌ಟಿಎಂಎಲ್ ಎಂಬ ಬ್ರೌಸರ್ ಎಂಜಿನ್ ಶುರು ಮಾಡಿದರು. 2001ರಲ್ಲಿ ಆಪಲ್ ಅದನ್ನು ತಗೊಂಡು ಒಳಗೊಳಗೇ ಬೆಳೆಸಿತು, 2003ರಲ್ಲಿ ಸಫಾರಿ ಹೊರಬಂತು. ಮಾಡಿದ ಬದಲಾವಣೆಗಳನ್ನು ವಾಪಸ್ ಕೊಟ್ಟರು, ಆದರೆ ದೊಡ್ಡ ದೊಡ್ಡ ಗಂಟುಗಳಾಗಿ. ಯಾವ ಸಾಲು ಯಾಕೆ ಬದಲಾಯಿತು ಅನ್ನೋ ಚರಿತ್ರೆ ಇಲ್ಲದೆ ಅದನ್ನು ಬಿಚ್ಚಿ ಸೇರಿಸಿಕೊಳ್ಳುವುದು ಕೆಎಚ್‌ಟಿಎಂಎಲ್‌ನವರಿಗೆ ಕೈಲಾಗದ ಕೆಲಸವಾಯಿತು, ಸಾರ್ವಜನಿಕವಾಗಿಯೇ ಬೇಸರ ಹೇಳಿಕೊಂಡರು. 2005ರ ಜೂನ್‌ನಲ್ಲಿ ಆಪಲ್‌ನ ಆ ಎಂಜಿನ್, ಅಂದರೆ ವೆಬ್‌ಕಿಟ್‌ನ ಕೋಡ್ ಭಂಡಾರ, ಬಗ್ ಪಟ್ಟಿ ಎಲ್ಲರಿಗೂ ತೆರೆದ ಮೇಲೆ ಸ್ವಲ್ಪ ಹಗುರಾಯಿತು. 

ಈಗ ಕೇಳುವ ವಿಚಾರ. ಮೂವರನ್ನು ಸೇರಿಸಿದ್ದೀರಿ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯಲ್ಲ ಅಂತಾರಲ್ಲ, ಹಾಗೇ. ಪ್ರತಿಯೊಬ್ಬರೂ ಉಳಿದಿಬ್ಬರು ನೋಡುತ್ತಾರೆ ಅಂದುಕೊಂಡಿದ್ದಾರೆ. ಒಬ್ಬರನ್ನೇ ಇಡಿ. ಯಾರನ್ನ? ಓನರ್ಸ್ ಪಟ್ಟಿಯಲ್ಲಿ (ಆ ಕೋಡ್‌ನ ಹೊಣೆ ಹೊತ್ತವರ ಪಟ್ಟಿ) ಹೆಸರಿದೆ ಅಂತ ಸೇರಿಸಬೇಡಿ. ಆ ಹೆಸರುಗಳಲ್ಲಿ ಕೆಲವರು ಬೇರೆ ಕೆಲಸಕ್ಕೆ ಹೋಗಿ ವರ್ಷಗಳಾಗಿರುತ್ತೆ. ಆ ಫೈಲ್‌ನ ಗಿಟ್ ಲಾಗ್ (ಬದಲಾವಣೆಗಳ ಚರಿತ್ರೆ) ತೆಗೆದು, ಕಳೆದ ಆರು ತಿಂಗಳಲ್ಲಿ ಅಲ್ಲಿ ಯಾರ ಪ್ಯಾಚ್‌ಗಳನ್ನು ಯಾರು ರಿವ್ಯೂ ಮಾಡಿದ್ದಾರೆ ನೋಡಿ. ಎರಡು ಮೂರು ಸಲ ಕಂಡ ಹೆಸರೇ ನಿಮ್ಮದು.

ಇನ್ನೊಂದು ಸಣ್ಣ ವಿಷಯ. ಇದೇ ನಿಮ್ಮ ಏಳು ವಾರಕ್ಕೆ ಕಾರಣ ಆಗಿದ್ದರೂ ಆಶ್ಚರ್ಯ ಇಲ್ಲ. ಓದುವ ಬೇರೆಯವರಿಗೂ ಬೇಕಾಗಬಹುದು, ಹಾಗಾಗಿ ಎಲ್ಲ ಎಂಜಿನ್‌ಗಳದ್ದೂ ಹೇಳುತ್ತೇನೆ. ರಿವ್ಯೂ ನಡೆಯುವ ತಾಣ ಗೆರಿಟ್ ಆದರೆ, ಅಲ್ಲಿ ಈಗ ಯಾರ ಸರದಿ ಅಂತ ಒಂದು ಗುರುತು ಇರುತ್ತೆ. ರಿವ್ಯೂವರ್ ಏನಾದರೂ ಉತ್ತರ ಬರೆದರೆ ಆ ಗುರುತು ಅವರಿಂದ ನಿಮಗೆ ದಾಟುತ್ತೆ. ಅಂದರೆ ‘ಮುಂದಿನ ವಾರ ನೋಡುತ್ತೇನೆ’ ಅಂತ ಅವರು ಬರೆದ ಕ್ಷಣದಿಂದ, ಯಂತ್ರದ ಲೆಕ್ಕದಲ್ಲಿ ಸರದಿ ನಿಮ್ಮದು! ಅವರ ಪಟ್ಟಿಯಲ್ಲಿ ನಿಮ್ಮ ಪ್ಯಾಚ್ ಕಾಣುತ್ತಲೇ ಇಲ್ಲ. ನೀವು ‘ಆಗಲಿ, ಕಾಯುತ್ತೇನೆ’ ಅಂತ ಉತ್ತರ ಒತ್ತಿದ್ದರೆ ಅದು ವಾಪಸ್ ಅವರಿಗೆ ಹೋಗುತ್ತಿತ್ತು. ಅದು ಫ್ಯಾಬ್ರಿಕೇಟರ್ ಎಂಬ ತಾಣ ಆದರೆ ‘ಬದಲಾವಣೆ ಬೇಕು’ ಅಂದ ಪ್ಯಾಚ್ ಮತ್ತೆ ರಿವ್ಯೂಗೆ ಬಂದಿದೆಯಾ ಅಂತ ನೋಡಿ. ವೆಬ್‌ಕಿಟ್ 2022ರಿಂದ ಗಿಟ್‌ಹಬ್‌ನಲ್ಲಿದೆ, ಅಲ್ಲಿ ರಿವ್ಯೂ ಮತ್ತೆ ಕೋರುವ ಬಟನ್ ಹೆಸರಿನ ಪಕ್ಕದಲ್ಲೇ ಇದೆ. ಬಗ್ ಪಟ್ಟಿ ಇಡುವ ಬಗ್‌ಜಿಲ್ಲಾದಲ್ಲಿ ಪ್ರಶ್ನೆ ಇದ್ದರೆ ‘ಮಾಹಿತಿ ಬೇಕು’ ಫ್ಲ್ಯಾಗ್ ಹಾಕಿ, ಉತ್ತರ ಬರುವವರೆಗೆ ಅದು ಅವರ ತಲೆ ಮೇಲೆ ಕೂತಿರುತ್ತೆ.

ಬರೆಯುವಾಗ ‘ಏನಾಯಿತು ಸರ್’ ಅಂತ ಬರೆಯಬೇಡಿ. ಅದಕ್ಕೆ ಉತ್ತರ ಕೊಡಲು ಅವರು ಎಲ್ಲ ಮೊದಲಿಂದ ಓದಬೇಕು. ಸಾರ ಹೀಗಿರಲಿ: ‘ಇವತ್ತಿನ ಮರದ ಮೇಲೆ ರೀಬೇಸ್ ಮಾಡಿದ್ದೇನೆ (ಈಗಿನ ಕೋಡ್‌ಗೆ ಹೊಂದಿಸಿದ್ದೇನೆ), ಬಾಟ್ ಹಸಿರು. ಮೂರಾಗಿ ಒಡೆದಿದ್ದೇನೆ, ಮೊದಲನೆಯದು ಟೆಸ್ಟ್ ಮಾತ್ರ. ಒಂದೇ ಪ್ರಶ್ನೆ: ಕನ್ನಡದ ಒತ್ತಕ್ಷರವನ್ನು ಫಸ್ಟ್-ಲೆಟರ್‌ನಲ್ಲಿ ಮಾತ್ರ ಹಿಡಿದಿಡುವುದು ನಿಮಗೆ ಒಪ್ಪಿಗೆಯಾ? ನೀವು ಸರಿಯಾದ ವ್ಯಕ್ತಿ ಅಲ್ಲದಿದ್ದರೆ ಯಾರನ್ನು ಕೇಳಲಿ?’ ಕೊನೆಯ ಸಾಲು ಮರೆಯಬೇಡಿ. ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿಟ್ಟರೆ, ಆ ಬಾಗಿಲಿನಿಂದ ಹೋಗುವವರು ನಿಮಗೆ ಇನ್ನೊಬ್ಬರ ಹೆಸರು ಕೊಟ್ಟೇ ಹೋಗುತ್ತಾರೆ.

ವಾರಕ್ಕೊಮ್ಮೆ ಕೇಳುವುದು ತಪ್ಪಲ್ಲ. ಮೂರು ವಾರ ಉತ್ತರ ಇಲ್ಲದಿದ್ದರೆ ರಿವ್ಯೂವರ್ ಬದಲಿಸಿ. ಸಮಯವೂ ನೋಡಿಕೊಳ್ಳಿ. ರಿವ್ಯೂವರ್ ಕ್ಯಾಲಿಫೋರ್ನಿಯಾದಲ್ಲಿದ್ದರೆ, ಬೇಸಿಗೆಯಲ್ಲಿ ಅವರ ಬೆಳಿಗ್ಗೆ 9 ಅಂದರೆ ನಮ್ಮ ರಾತ್ರಿ 9.30. ಚಳಿಗಾಲದಲ್ಲಿ 10.30. ಅವರು ಕಾಮೆಂಟ್ ಹಾಕಿದ ರಾತ್ರಿಯೇ ಉತ್ತರಿಸಿದರೆ ಒಂದು ದಿನ ಉಳಿಯಿತು. ಬೆಳಿಗ್ಗೆ ನೋಡಿದರೆ ಆಗಲೇ ಅವರ ಕೆಲಸದ ಹೊತ್ತು ಮುಗಿದಿರುತ್ತೆ. ಆ ಹೊತ್ತಿಗೇ ಕರೆಂಟ್ ಹೋಗುತ್ತೆ ಅಂತ ನೀವು ಬರೆದದ್ದು ಓದಿ ನಗು ಬಂತು. ಒಂದು ಕಡೆ ನಿಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1720 ಮೆಗಾವ್ಯಾಟ್, ಇನ್ನೊಂದು ಕಡೆ ನಿಮ್ಮ ಬಿಲ್ಡ್ ಅರ್ಧಕ್ಕೆ. ಆದಷ್ಟು ಬಿಲ್ಡ್ ಉಳಿಸಿಡುವ ಸಿ-ಕ್ಯಾಶ್ ಹಾಕಿಕೊಳ್ಳಿ, ಮತ್ತೆ ಶುರು ಮಾಡಿದಾಗ ಮೊದಲಿಂದ ಆಗಲ್ಲ.

‘ನಾನು ಯಾರೂ ಅಲ್ಲ’ ಅಂದಿರಿ. ಸುಳ್ಳು ಸಮಾಧಾನ ಹೇಳಲ್ಲ. ಪರಿಚಯದ ಹೆಸರಿನ ಪ್ಯಾಚ್ ಬೇಗ ತೆರೆಯುತ್ತಾರೆ. ಊರು, ಕಾಲೇಜು ಯಾರೂ ನೋಡಲ್ಲ. ಹಿಂದೆ ಈ ಹೆಸರಿನಿಂದ ಬಂದದ್ದು ಕೆಟ್ಟಿತ್ತಾ, ಕಾಮೆಂಟ್‌ಗೆ ಉತ್ತರ ಬಂದಿತ್ತಾ, ಇಷ್ಟೇ ತಲೆಯಲ್ಲಿರುತ್ತೆ. ಅದಕ್ಕೇ ಮೊದಲ ಪ್ಯಾಚ್ ಟೆಸ್ಟ್ ಆಗಿರಲಿ ಅಂದೆ. ಕಾಯುವಾಗ ಇನ್ನೊಂದು ಕೆಲಸ ಮಾಡಬಹುದು. ಬಗ್ ಪಟ್ಟಿಯಲ್ಲಿ ಕನ್ನಡ, ತೆಲುಗು ಅಂತ ಹುಡುಕಿ. ‘ಸರಿಯಾಗಿ ಕಾಣುತ್ತಿಲ್ಲ’ ಅಂತ ಬರೆದು ಬಿಟ್ಟುಹೋದವು ಸಿಗುತ್ತವೆ. ಇವತ್ತಿನ ಬ್ರೌಸರ್‌ನಲ್ಲಿ ಇನ್ನೂ ಇದೆಯಾ ನೋಡಿ, ಐದು ಸಾಲಿನ ಸಣ್ಣ ಪುಟ ಮಾಡಿ, ಹೇಗೆ ಕಾಣಬೇಕಿತ್ತು ಅಂತ ಚಿತ್ರ ಹಾಕಿ. ಅಧಿಕಾರ ಏನೂ ಬೇಕಿಲ್ಲ. ಎರಡು ಲಿಪಿ ಓದಬಲ್ಲವರು ಅವರಲ್ಲಿ ಎಷ್ಟು ಜನ ಇದ್ದಾರು? ಮುಂದಿನ ಸಲ ಅಕ್ಷರದ ಪ್ಯಾಚ್ ಬಂದಾಗ ಅವರೇ ನಿಮ್ಮನ್ನು ಕರೆಯುತ್ತಾರೆ, ‘ಇದು ಸರಿ ಇದೆಯಾ ನೋಡಿ’ ಅಂತ.

ಮೇಲೆ ಹೇಳಿದ ಆ ಹುಡುಗನ ನಂತರ ನಾನು ಬದಲಿಸಿಕೊಂಡದ್ದು ಎರಡೇ. ಬೆಳಿಗ್ಗೆ ಸ್ವಂತ ಕೋಡ್ ತೆರೆಯುವ ಮೊದಲು ಒಂದು ಗಂಟೆ ರಿವ್ಯೂ, ಅದೂ ಸಣ್ಣದರಿಂದ ಶುರು. ಮತ್ತೆ ‘ಮುಂದಿನ ವಾರ’ ಅನ್ನೋದನ್ನು ಬಿಟ್ಟೆ. ಆಗಲ್ಲ ಅಂದರೆ ಅವತ್ತೇ ಆಗಲ್ಲ, ಇವರನ್ನು ಕೇಳಿ ಅಂತ ಬರೆಯುತ್ತಿದ್ದೆ. ಮೊದಮೊದಲು ಒರಟು ಅನಿಸಿತು. ಪಟ್ಟಿ ಎರಡು ತಿಂಗಳಲ್ಲಿ ಹತ್ತಕ್ಕೆ ಇಳಿಯಿತು. ನಿಮ್ಮ ರಿವ್ಯೂವರ್ ಹೀಗೆ ಮಾಡಲಿ ಅಂತ ನಾವು ಇಲ್ಲಿಂದ ಹೇಳಲು ಬರಲ್ಲ ಬಿಡಿ.

ಟೆಸ್ಟ್ ಪ್ಯಾಚ್ ಈ ಭಾನುವಾರದೊಳಗೆ ಹಾಕಿ, ತಂಗಿ. ಪ್ಯಾಚ್ ನಂಬರ್ ನನಗೂ ಕಳಿಸಿ. ರಿವ್ಯೂವರ್ ಅಧಿಕಾರ ಬಿಟ್ಟು ಎರಡು ವರ್ಷ ಆಯಿತು, ಪ್ಲಸ್ ಒನ್ (ಒಪ್ಪಿಗೆಯ ಗುರುತು) ಒತ್ತಲು ಬರಲ್ಲ. ಆದರೆ ‘ರ‍್ಯಾಲಿ’ ಸಾಲು ಓಡಿಸಿ ನೋಡಿದೆ, ಕನ್ನಡ ಓದುವವನಿಗೆ ಇದು ಸರಿ ಕಾಣುತ್ತಿದೆ ಅಂತ ಕೆಳಗೆ ಒಂದು ಸಾಲು ಬರೆಯಬಲ್ಲೆ.